ಎರಡು ರೂಪಾಯಿ, ಒಂದೇ ಗಾಯ: ಖೋಟಾ ಡೈಯಿಂದ ಬಂದ ನಾಣ್ಯವನ್ನು ಪತ್ತೆ ಹಚ್ಚುವುದು

ನನ್ನ ಹತ್ತಿರ 1911ರ ಎರಡು ಬೆಳ್ಳಿ ರೂಪಾಯಿಗಳಿವೆ. ಏಳೆಂಟು ತಿಂಗಳ ಅಂತರದಲ್ಲಿ, ಬೇರೆ ಬೇರೆ ಊರಿನ ಇಬ್ಬರು ಮಾರಾಟಗಾರರಿಂದ ಕೊಂಡದ್ದು. ಒಂದು 11.63 ಗ್ರಾಂ ತೂಗುತ್ತದೆ, ಇನ್ನೊಂದು 11.66. ಎರಡೂ ಬೆಳ್ಳಿಯೇ. ನೆಲಕ್ಕೆ ಬಿದ್ದರೆ ಸದ್ದು ಕೂಡ ಚೆನ್ನಾಗಿದೆ. ಒಂದು ರಾತ್ರಿ ಆಲ್ಬಮ್ ಜೋಡಿಸುತ್ತಾ ಎರಡನ್ನೂ ಪಕ್ಕಪಕ್ಕ ಇಟ್ಟು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದೆ. ಐದನೇ ಜಾರ್ಜ್‌ನ ಕೆನ್ನೆಯ ಮೇಲೆ, ಕಣ್ಣಿನಿಂದ ಸ್ವಲ್ಪ ಕೆಳಗೆ, ರಾಗಿ ಕಾಳಿಗಿಂತಲೂ ಚಿಕ್ಕದೊಂದು ಓರೆ ಕುಳಿ. ಇನ್ನೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ಅದೇ ಕುಳಿ.

ಎರಡು ನಾಣ್ಯಗಳು ನೂರು ವರ್ಷ ಬೇರೆ ಬೇರೆ ಜೇಬುಗಳಲ್ಲಿ ಓಡಾಡಿ ಒಂದೇ ಜಾಗದಲ್ಲಿ ಒಂದೇ ಗಾಯ ಮಾಡಿಕೊಳ್ಳುವುದಿಲ್ಲ. ಎರಡೂ ಒಂದೇ ಖೋಟಾ ಡೈಯ, ಅಂದರೆ ಬಿಲ್ಲೆಯ ಮೇಲೆ ಮುದ್ರೆ ಒತ್ತುವ ಉಕ್ಕಿನ ತುಂಡಿನ, ಮಕ್ಕಳು.

ಅಂದಿನಿಂದ ನಾನು ನಾಣ್ಯ ನೋಡುವ ಕ್ರಮವನ್ನೇ ಬದಲಿಸಿಕೊಂಡೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯನ್ನು ಮುಂದಿಟ್ಟುಕೊಂಡಿದ್ದೇನೆ, ಏಕೆಂದರೆ ನಮ್ಮಲ್ಲಿ ಹೊಸದಾಗಿ ಸಂಗ್ರಹ ಶುರು ಮಾಡುವವರು ಹೆಚ್ಚಾಗಿ ಕೈಹಾಕುವುದು ಅದಕ್ಕೇ, ಮೋಸ ಹೋಗುವುದೂ ಅದರಲ್ಲೇ.

1911ರ ಮೇಲೇ ಯಾಕೆ ಕಣ್ಣು

ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಸರಪಳಿಯಲ್ಲಿ ಒಂದು ಪುಟ್ಟ ಆನೆ ಇದೆ. ಸೊಂಡಿಲು ಮೊಂಡಾಗಿದ್ದದ್ದರಿಂದ ಜನರಿಗೆ ಅದು ಹಂದಿಯಂತೆ ಕಂಡಿತು, ಗದ್ದಲವೆದ್ದಿತು. ಟಂಕಿಸಿದ್ದು ಸುಮಾರು 94 ಲಕ್ಷ, ಹೊರಗೆ ಬಿಟ್ಟಿದ್ದು ಸುಮಾರು 7 ಲಕ್ಷ. ಉಳಿದದ್ದನ್ನು ಕರಗಿಸಿಬಿಟ್ಟರು. 1912ರಿಂದ ಆನೆಗೆ ಸೊಂಡಿಲು ಉದ್ದ ಬಂತು. ಸಂಗ್ರಹಕಾರರು 1911ರದ್ದನ್ನು ಇವತ್ತಿಗೂ 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ.

ಈ ರೂಪಾಯಿಯಲ್ಲಿ ಇರುವ ಶುದ್ಧ ಬೆಳ್ಳಿ ಹತ್ತೂವರೆ ಗ್ರಾಂ ಚಿಲ್ಲರೆ. ಸಂಗ್ರಹಕಾರ ಕೊಡುವ ಬೆಲೆ ಆ ಬೆಳ್ಳಿಯ ಕಿಮ್ಮತ್ತಿನ ಎಷ್ಟೋ ಪಟ್ಟು. ಹಾಗಾಗಿ ಖೋಟಾ ಮಾಡುವವನು ನಿಜವಾದ ಬೆಳ್ಳಿಯನ್ನೇ ಹಾಕಿದರೂ ಅವನಿಗೆ ಲಾಭವೇ. ತೂಕ ನೋಡಿ, ಬೆಳ್ಳಿ ನೋಡಿ ಸಮಾಧಾನಪಟ್ಟುಕೊಂಡವರೆಲ್ಲ ಬೀಳುವುದು ಈ ಗುಂಡಿಗೆ. ನಾನೂ ಬಿದ್ದೆ.

ಮೊದಲು ತೂಕ, ಆಮೇಲೆ ನೀರು

ಆದರೂ ಲೋಹದಿಂದಲೇ ಶುರು ಮಾಡಿ. ಅಗ್ಗದ ಖೋಟಾಗಳು ಇಲ್ಲಿಯೇ ಉದುರುತ್ತವೆ.

ಪೂರ್ತಿ ರೂಪಾಯಿಯ ನಿಗದಿತ ತೂಕ 180 ಗ್ರೇನ್, ಅಂದರೆ ಒಂದು ತೊಲ, 11.66 ಗ್ರಾಂ. ವ್ಯಾಸ 30.5 ಮಿ.ಮೀ. ಆಸುಪಾಸು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಸವೆದ ನಾಣ್ಯ 11.4ಕ್ಕೆ ಇಳಿದಿದ್ದರೆ ಗಾಬರಿ ಬೇಡ. ಗಾಬರಿಯಾಗಬೇಕಾದ್ದು ಇದರ ಉಲ್ಟಾ ಕಂಡಾಗ: ರಾಜನ ಕೂದಲು ಅಳಿಸಿಹೋಗಿದೆ, ಅಕ್ಷರ ಮಂಕಾಗಿದೆ, ತೂಕ ಮಾತ್ರ 11.66 ತಪ್ಪಿಲ್ಲ. ಮುಖ ಸವೆದು ತೂಕ ಸವೆಯದಿದ್ದರೆ, ಆ ಸವೆತ ಈ ನಾಣ್ಯದ್ದಲ್ಲ, ಇದಕ್ಕೆ ಮಾದರಿಯಾದ ತಾಯಿ ನಾಣ್ಯದ್ದು.

ಆಮೇಲೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಸಾಂದ್ರತೆ 10.3 ಸುತ್ತಮುತ್ತ ಬರಬೇಕು, ಅಂದರೆ ನೀರು 1.13 ಗ್ರಾಂ. ತಾಮ್ರ-ನಿಕ್ಕಲ್ ಮಿಶ್ರಣವಾಗಿದ್ದರೆ ಅದೇ ತೂಕಕ್ಕೆ 1.31 ಬರುತ್ತದೆ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಆ ರೂಪಾಯಿಗಳು 1.22 ಆಸುಪಾಸು ತೋರಿಸಿದರೆ ಅದು ದೋಷವಲ್ಲ, ಅವುಗಳ ಗುಣವೇ ಹಾಗೆ. ಆ ನಾಣ್ಯಗಳ ಅಂಚಿನ ಗೆರೆಗಳ ನಡುವೆ ಒಂದು ತೋಡು ಸುತ್ತಿ ಬರುತ್ತದೆ. ಖೋಟಾ ತಡೆಯುವುದಕ್ಕೆಂದೇ ಹಾಕಿದ್ದು ಅದು.

ಆಯಸ್ಕಾಂತದ ಪರೀಕ್ಷೆಯನ್ನು ಜನ ಅತಿಯಾಗಿ ನಂಬುತ್ತಾರೆ. ಕಬ್ಬಿಣದ ಖೋಟಾ ಅಂಟಿಕೊಳ್ಳುತ್ತದೆ, ನಿಜ. ಆದರೆ ಹಿತ್ತಾಳೆ, ತಾಮ್ರ-ನಿಕ್ಕಲ್, ಸೀಸ ಯಾವುದೂ ಅಂಟುವುದಿಲ್ಲ. ಇನ್ನೊಂದು ಕಡೆ 1947ರ ಹುಲಿ ರೂಪಾಯಿ ಅಸಲಿಯಾಗಿದ್ದರೂ ಅಂಟುತ್ತದೆ, ಏಕೆಂದರೆ ಅದು ನಿಕ್ಕಲ್. ಅದನ್ನು 'ಬೆಳ್ಳಿ ರೂಪಾಯಿ' ಎಂದು ಮಾರುವವರಿದ್ದಾರೆ, ಎಚ್ಚರ.

ಚಿನ್ನಬೆಳ್ಳಿ ಅಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರ ಶೇಕಡಾವಾರು ಬೆಳ್ಳಿ ಹೇಳುತ್ತದೆ. ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಒಳಗೆ ಬೇರೆ ಲೋಹ ತುಂಬಿ ಮೇಲೆ ದಪ್ಪ ಲೇಪ ಕೊಟ್ಟಿದ್ದರೆ ಅದಕ್ಕೆ ಕಾಣದು, ನೀರಿಗೆ ಕಾಣುತ್ತದೆ.

ನನ್ನ ಎರಡೂ ನಾಣ್ಯಗಳು ನೀರಿನಲ್ಲಿ 1.13 ಕೊಟ್ಟವು. ಲೋಹದ ಪರೀಕ್ಷೆಗಳೆಲ್ಲ ಪಾಸು.

ಎರಕವೋ ಒತ್ತೋ

ಕನ್ನಡದಲ್ಲಿ ಎರಡಕ್ಕೂ 'ಅಚ್ಚು' ಎಂದೇ ಹೇಳಿಬಿಡುತ್ತೇವೆ, ಅಲ್ಲೇ ಗೊಂದಲ. ಕರಗಿದ ಲೋಹ ಸುರಿಯುವ ಅಚ್ಚು ಬೇರೆ, ಗಟ್ಟಿ ಬಿಲ್ಲೆಯ ಮೇಲೆ ಮುದ್ರೆ ಒತ್ತುವ ಉಕ್ಕಿನ ಡೈ ಬೇರೆ. ಎರಡೂ ಬಿಡುವ ಗುರುತುಗಳು ಬೇರೆ.

ಎರಕದ ಖೋಟಾ ಹಿಡಿಯುವುದು ಸುಲಭ. ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಂಥ ಗುಳ್ಳೆ ತೂತುಗಳು. ಚಿತ್ರ, ಅಕ್ಷರಗಳಿಲ್ಲದ ಬಯಲು ಭಾಗ ಇಡ್ಲಿಯ ಮೇಲ್ಮೈಯಂತೆ ಸಣ್ಣಗೆ ತರಿತರಿ. ಅಂಚಿನ ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಜೋಡಣೆಯ ಗೀರು, ಅದನ್ನು ಮರೆಮಾಡಲು ಉಜ್ಜಿದ ಅರದ ಗುರುತು. ಲೋಹ ಆರುವಾಗ ಕುಗ್ಗುವುದರಿಂದ ವ್ಯಾಸವೂ ಕೂದಲೆಳೆಯಷ್ಟು ಕಡಿಮೆ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನ ಓರೆ ಮಾಡಿ. ಒತ್ತಿ ಮಾಡಿದ, ಹೆಚ್ಚು ಸವೆಯದ ನಾಣ್ಯದಲ್ಲಿ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಹಾಗೆ ಸುತ್ತುತ್ತದೆ, ಏಕೆಂದರೆ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದಿರುತ್ತದೆ. ಎರಕದಲ್ಲಿ ಆ ಹರಿವೇ ಇಲ್ಲ.

ಸದ್ದಿನ ಬಗ್ಗೆ ಒಂದು ಮಾತು. 'ಠಣ್' ಎಂದು ಎಳೆದರೆ ಅಸಲಿ, 'ಟಪ್' ಎಂದರೆ ನಕಲಿ ಎನ್ನುವುದು ಹಿರಿಯರಿಂದ ಬಂದ ಮಾತು. ತೀರ ಸುಳ್ಳಲ್ಲ. ಆದರೆ ಬೆಳ್ಳಿಯಲ್ಲೇ ಒತ್ತಿದ ಖೋಟಾ ಚೆನ್ನಾಗಿಯೇ ಹಾಡುತ್ತದೆ, ಒಳಗೆ ಬಿರುಕಿರುವ ಅಸಲಿ ನಾಣ್ಯ ಮೂಕವಾಗುತ್ತದೆ.

ಡೈಯೇ ಖೋಟಾ ಆಗಿದ್ದರೆ

ಕಷ್ಟ ಇರುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಟಂಕಸಾಲೆಯಲ್ಲಿ ಕಲಾವಿದ ದೊಡ್ಡ ಮಾದರಿ ಮಾಡುತ್ತಾನೆ. ಅದನ್ನು ಯಂತ್ರ ಕಿರಿದು ಮಾಡಿ ಉಕ್ಕಿನ ಮೇಲೆ ಕೆತ್ತುತ್ತದೆ. ಅದರಿಂದ ಕೆಲಸದ ಡೈಗಳು ಹುಟ್ಟುತ್ತವೆ. ಖೋಟಾ ಮಾಡುವವನ ಕೈಯಲ್ಲಿ ಆ ಮಾದರಿ ಇಲ್ಲ. ಇರುವುದು ಒಂದು ಅಸಲಿ ನಾಣ್ಯ, ತಾಯಿ ನಾಣ್ಯ. ಅದನ್ನು ಉಕ್ಕಿಗೆ ಅದುಮಿ ಪಡಿಯಚ್ಚು ತೆಗೆಯುತ್ತಾನೆ, ಇಲ್ಲವೇ ಎಣ್ಣೆಯಲ್ಲಿ ಮುಳುಗಿಸಿ ವಿದ್ಯುತ್ ಕಿಡಿಗಳಿಂದ ಉಕ್ಕನ್ನು ಕೊರೆಸಿ ನಾಣ್ಯದ ಆಕಾರ ಮೂಡಿಸುತ್ತಾನೆ.

ಎರಡನೆಯ ದಾರಿಯಲ್ಲಿ ಡೈಯ ಮೇಲೆಲ್ಲ ಸಣ್ಣ ಕುಳಿಗಳು ಉಳಿಯುತ್ತವೆ, ಅವನು ಅದನ್ನು ಪಾಲಿಶ್ ಮಾಡಲೇಬೇಕು. ಈಗ ಯೋಚಿಸಿ. ನಾಣ್ಯದಲ್ಲಿ ಬಯಲಾಗಿರುವುದು ಡೈಯಲ್ಲಿ ಎತ್ತರದ ಸಮತಟ್ಟು ಭಾಗ, ಅಲ್ಲಿ ಪಾಲಿಶ್ ಸಲೀಸು. ನಾಣ್ಯದಲ್ಲಿ ಉಬ್ಬಿರುವ ಕೆನ್ನೆ, ಕಿರೀಟ, ಗಡ್ಡ, ಅಕ್ಷರಗಳು ಡೈಯಲ್ಲಿ ಆಳದ ಹಳ್ಳಗಳು, ಅಲ್ಲಿಗೆ ಪಾಲಿಶ್ ಇಳಿಯುವುದಿಲ್ಲ. ಹಾಗಾಗಿ ಇಂಥ ಖೋಟಾದಲ್ಲಿ ಬಯಲು ಕನ್ನಡಿಯಂತೆ ನುಣುಪು, ಅಕ್ಷರದ ನೆತ್ತಿ ಮತ್ತು ರಾಜನ ಗಡ್ಡ ಮಾತ್ರ ಮರಳು ಮರಳು. ಅಸಲಿ ನಾಣ್ಯದಲ್ಲಿ ಈ ಅಸಮತೆ ಇರದು.

ಗಾಯದ ಲೆಕ್ಕವೂ ಇದೇ ತರ್ಕದ್ದು. ತಾಯಿ ನಾಣ್ಯದಲ್ಲಿದ್ದ ಕುಳಿ ಡೈಯಲ್ಲಿ ಗುಬುಟು ಆಗುತ್ತದೆ, ಆ ಡೈಯಿಂದ ಒತ್ತಿದ ಪ್ರತಿ ಮರಿಯಲ್ಲೂ ಮತ್ತೆ ಕುಳಿಯಾಗುತ್ತದೆ. ಬಯಲಿನಲ್ಲಿದ್ದ ಗುಬುಟುಗಳನ್ನು ಖೋಟಾದವನು ಉಜ್ಜಿ ತೆಗೆದಿರುತ್ತಾನೆ. ಕೆನ್ನೆಯ ಮೇಲಿನದು ಡೈಯ ಹಳ್ಳದ ತಳದಲ್ಲಿ ಕೂತಿರುವುದರಿಂದ ಕೈ ಸಿಗುವುದಿಲ್ಲ, ಉಳಿದುಬಿಡುತ್ತದೆ. ನನ್ನ ಎರಡೂ ನಾಣ್ಯಗಳ ಗಾಯ ಕೆನ್ನೆಯ ಮೇಲೇ ಇದ್ದದ್ದು ಅದಕ್ಕೇ. ನೀವು ಹುಡುಕುವಾಗಲೂ ಬಯಲಿನಲ್ಲಿ ಹೊತ್ತು ಕಳೆಯಬೇಡಿ. ಕೆನ್ನೆ, ಕಿವಿ, ಕಿರೀಟ, ಭುಜ, ದಪ್ಪ ಅಕ್ಷರಗಳ ನೆತ್ತಿ, ಇಲ್ಲಿ ನೋಡಿ.

ಎರಡನೆಯ ನಾಣ್ಯ ಕೈಯಲ್ಲಿಲ್ಲದಿದ್ದರೆ ಒಂದೇ ಗಾಯವನ್ನು ಮಾತನಾಡಿಸಬಹುದು. ನಿಜವಾಗಿ ಏಟು ತಿಂದ ಜಾಗದಲ್ಲಿ ಲೋಹ ಪಕ್ಕಕ್ಕೆ ಸರಿದು ದಡ ಎದ್ದಿರುತ್ತದೆ, ಉಗುರು ಸವರಿದರೆ ತಾಗುತ್ತದೆ. ಕುಳಿಯ ತಳದ ಹೊಳಪು ಸುತ್ತಲಿನದಕ್ಕಿಂತ ಬೇರೆ. ಆನುವಂಶಿಕವಾಗಿ ಬಂದ ಗಾಯಕ್ಕೆ ದಡವಿಲ್ಲ, ಅಂಚು ಕರಗಿದ ಬೆಣ್ಣೆಯಂತೆ ಮೆತ್ತಗೆ, ತಳದಲ್ಲೂ ಸುತ್ತಲಿನದೇ ಹೊಳಪು. ನನ್ನ ನಾಣ್ಯದ ಕುಳಿಯನ್ನು ಕೊಂಡ ದಿನವೇ ನೋಡಿದ್ದೆ, 'ಹಳೇ ಏಟು' ಎಂದುಕೊಂಡು ಬಿಟ್ಟಿದ್ದೆ. ದಡ ಇದೆಯೇ ಎಂದು ಅಂದೇ ನೋಡಿದ್ದರೆ ಎರಡನೆಯದನ್ನು ಕೊಳ್ಳುತ್ತಲೇ ಇರಲಿಲ್ಲ.

ಹೋಲಿಸಲು ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗ್ ಚಿತ್ರಗಳೂ ಆಗುತ್ತವೆ. ಎರಡು ಚಿತ್ರಗಳನ್ನು ಒಂದೇ ಅಳತೆಗೆ ತಂದು ಮೊಬೈಲ್‌ನಲ್ಲಿ ಒಂದರ ಹಿಂದೆ ಒಂದು ಬೇಗಬೇಗ ತಿರುಗಿಸಿ ನೋಡಿ. ಕದಲದೆ ಉಳಿದ ಕುಳಿ ತಾನೇ ಕಣ್ಣಿಗೆ ಹೊಡೆಯುತ್ತದೆ.

ಅಸಲಿಯನ್ನು ಖೋಟಾ ಎಂದು ತಳ್ಳಬೇಡಿ

ಒಮ್ಮೆ ಮೋಸ ಹೋದವರಿಗೆ ಎಲ್ಲವೂ ಖೋಟಾ ಎಂದೇ ಕಾಣತೊಡಗುತ್ತದೆ. ನನಗೂ ಕೆಲವು ತಿಂಗಳು ಹಾಗೇ ಆಗಿ, ಎರಡು ಒಳ್ಳೆಯ ನಾಣ್ಯಗಳನ್ನು ವಾಪಸ್ ಕೊಟ್ಟುಬಿಟ್ಟೆ. ಈಗಲೂ ಬೇಜಾರಾಗುತ್ತದೆ.

ಮುಖ್ಯವಾಗಿ ತಗ್ಗನ್ನೂ ಉಬ್ಬನ್ನೂ ಬೇರೆ ಮಾಡಿ ನೋಡಬೇಕು. ಟಂಕಸಾಲೆಯ ಅಸಲಿ ಡೈ ಕೂಡ ದಣಿದು ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಆ ಬಿರುಕು ನಾಣ್ಯದಲ್ಲಿ ಉಬ್ಬು ಗೆರೆಯಾಗಿ ಮೂಡುತ್ತದೆ, ಆ ಡೈಯಿಂದ ಬಂದ ಸಾವಿರಾರು ನಾಣ್ಯಗಳಲ್ಲಿ ಮರುಕಳಿಸುತ್ತದೆ. ಉಬ್ಬು ಮರುಕಳಿಸಿದರೆ ಸಹಜ, ತಗ್ಗು ಮರುಕಳಿಸಿದರೆ ಅನುಮಾನ. ಡೈಗೆ ಎಣ್ಣೆಜಿಡ್ಡು ತುಂಬಿ ಅಕ್ಷರ ಮಂಕಾಗುವುದೂ ಉಂಟು, ಆದರೆ ಅದು ಒಂದು ನಾಣ್ಯದಿಂದ ಇನ್ನೊಂದಕ್ಕೆ ಆಕಾರ ಬದಲಿಸುತ್ತಾ ಹೋಗುತ್ತದೆ.

ನಮ್ಮ ಕಡೆ ಸಿಗುವ ರೂಪಾಯಿಗಳಲ್ಲಿ ಬೆಸುಗೆ ಗುರುತು ತೀರಾ ಸಾಮಾನ್ಯ. ಉತ್ತರ ಕರ್ನಾಟಕದಲ್ಲಿ ಲಂಬಾಣಿ ಹೆಂಗಸರ ಸರಗಳಲ್ಲಿ, ಉಡುಪಿನ ಮೇಲೆ ಬೆಳ್ಳಿ ನಾಣ್ಯ ಪೋಣಿಸಿರುವುದನ್ನು ನೋಡಿರುತ್ತೀರಿ. ಅಂಥ ಒಡವೆಯಿಂದ ಬಿಡಿಸಿದ ನಾಣ್ಯದ ನೆತ್ತಿಯಲ್ಲಿ ಕೊಂಡಿ ಕೂರಿಸಿದ ಬೆಸುಗೆ, ಕೆಲವೊಮ್ಮೆ ತುಂಬಿ ಮುಚ್ಚಿದ ತೂತು ಇರುತ್ತದೆ. ಅದರ ಸದ್ದು ಸತ್ತಿರುತ್ತದೆ, ಅಂಚಿನಲ್ಲಿ ಅರದ ಗುರುತಿರುತ್ತದೆ, ತೂಕವೂ ಹೆಚ್ಚುಕಡಿಮೆ. ಇವೆಲ್ಲ ಎರಕದ ಲಕ್ಷಣಗಳಂತೆಯೇ ಕಾಣುತ್ತವೆ. ವ್ಯತ್ಯಾಸ ಜಾಗದಲ್ಲಿದೆ: ಒಡವೆಯ ಗುರುತು ಕೊಂಡಿ ಇದ್ದ ಕಡೆ ಮಾತ್ರ, ಉಳಿದ ಮುಖ ಸ್ವಚ್ಛ. ಬೆಲೆ ಇಳಿಯಬೇಕು, ನಾಣ್ಯ ಅಸಲಿಯೇ.

ಇನ್ನು ಹುಣಸೆಹಣ್ಣು. ಹಬ್ಬಕ್ಕೆ ಬೆಳ್ಳಿ ದೀಪದ ಜೊತೆ ನಾಣ್ಯವನ್ನೂ ತಿಕ್ಕಿ ಬೆಳಗುವ ಮನೆಗಳಿವೆ. ಹಾಗೆ ತಿಕ್ಕಿದ ನಾಣ್ಯದ ಹೊಳಪು ಸತ್ತು ಖೋಟಾದಂತೆ ಕಾಣುತ್ತದೆ. ದಯವಿಟ್ಟು ತಿಕ್ಕಬೇಡಿ. ಹೊಳಪು ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ, ಪತ್ತೆ ಹಚ್ಚುವ ಸುಳಿವುಗಳೂ ಅದರ ಜೊತೆ ಹೋಗುತ್ತವೆ. ಇದರ ಎದುರು ಮೋಸವೂ ಇದೆ: ಹೊಸ ಖೋಟಾವನ್ನು ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡುವುದು. ಸಹಜ ಕರೆ ಅಕ್ಷರಗಳ ಸಂದಿಯಲ್ಲಿ ದಟ್ಟ, ಕೆನ್ನೆಯ ಮೇಲೆ ತಿಳಿ. ಅದ್ದಿದ ಕಪ್ಪು ಎಲ್ಲ ಕಡೆ ಒಂದೇ ಸಮ.

ಮುಂಬಯಿ ಟಂಕಸಾಲೆ ಹಳೆಯ ಡೈಗಳಿಂದ ಸಂಗ್ರಹಕಾರರಿಗಾಗಿ ಮತ್ತೆ ಒತ್ತಿದ ನಾಣ್ಯಗಳೂ ಇವೆ. ಅವು ಖೋಟಾ ಅಲ್ಲ. ಆದರೆ ಹಾಗೆಂದು ಹೇಳಿಯೇ ಮಾರಬೇಕು.

ತಾರೀಖು ತಿದ್ದಿದ್ದು

ಇಲ್ಲಿ ಡೈಯ ಗೊಡವೆಯೇ ಇಲ್ಲ, ಅಸಲಿ ನಾಣ್ಯದ ಒಂದು ಅಂಕಿ ಮಾತ್ರ ಸುಳ್ಳು. 1912ರ ಕೊನೆಯ 2 ಕೆರೆದು 1 ಮಾಡಿದರೆ 1911. ಆದರೆ ತಿದ್ದಿದವನ ಕೈ ರಾಜನ ಎದೆಯವರೆಗೆ ಹೋಗುವುದಿಲ್ಲ: ಹಿಂಬದಿ 1911 ಎನ್ನುತ್ತದೆ, ಮುಂಬದಿಯಲ್ಲಿ ಉದ್ದ ಸೊಂಡಿಲಿನ ಆನೆ ನಿಂತಿರುತ್ತದೆ. ಅಪರೂಪದ 1939ರ ರೂಪಾಯಿಗಾಗಿ 1938ರ 8ನ್ನು 9 ಮಾಡುವುದೂ ಇದೇ ಜಾತಿ. ಅಂಕಿಯ ಸುತ್ತ ಬಯಲಿನ ಹೊಳಪು ಮುರಿದಿದೆಯೇ, ಅಂಕಿಯ ಬುಡದಲ್ಲಿ ಉಳಿಯ ಗೀರಿದೆಯೇ ನೋಡಿ. ಅಂಟಿಸಿದ ಅಂಕಿಯಾದರೆ ಬುಡದಲ್ಲಿ ಕೂದಲಿನಷ್ಟು ಸಂದು ಸಿಗುತ್ತದೆ.

ಟಿಪ್ಪುವಿನ ತಾಮ್ರ: ಇಲ್ಲಿ ಲೆಕ್ಕ ಬೇರೆ

ಆನೆಯ ಚಿತ್ರವಿರುವ ಟಿಪ್ಪುವಿನ ಕಾಸುಗಳಿಗೆ ಮೇಲಿನದ್ದನ್ನೆಲ್ಲ ಹಾಗೇ ಹಚ್ಚಲಾಗದು. ಅವು ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಬೆಂಗಳೂರು ಮುಂತಾದ ಟಂಕಸಾಲೆಗಳಲ್ಲಿ ಕೈಯಿಂದ ಬಡಿದವು. ಪ್ರತಿ ಸಲವೂ ಬಿಲ್ಲೆ ಸ್ವಲ್ಪ ಆಚೀಚೆ ಕೂರುತ್ತದೆ, ಅಂಚು ಒಂದೊಂದು ರೀತಿ ಸೀಳುತ್ತದೆ. ಒಂದೇ ಡೈಯಿಂದ ಬಂದ ಎರಡು ಕಾಸುಗಳೂ ಒಂದೇ ಥರ ಇರುವುದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ಚಿತ್ರವನ್ನಲ್ಲ, ಬಿಲ್ಲೆಯನ್ನು. ಎರಡು ಕಾಸುಗಳಲ್ಲಿ ಚಿತ್ರ ಒಂದೇ ಕಡೆಗೆ ಒಂದೇ ಪ್ರಮಾಣದಲ್ಲಿ ಸರಿದಿದ್ದು, ಅಂಚಿನ ಸೀಳೂ ಒಂದೇ ಜಾಗದಲ್ಲಿದ್ದರೆ ಕನಿಷ್ಠ ಒಂದಾದರೂ ಎರಕದ್ದು, ಬೇರೆ ಮಾತೇ ಇಲ್ಲ. ಜೊತೆಗೆ ತಾರೀಖು ಓದಿ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು, 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಇದನ್ನು ತಿಳಿಯದೆ ಹೊಸದಾಗಿ ಕೆತ್ತಿದ ಡೈ ಅಂಕಿಯಲ್ಲೇ ಸಿಕ್ಕಿಬೀಳಬಹುದು.

ರಾಮ ದರ್ಬಾರ್ ಕಾಸು

ಜಾತ್ರೆಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ ಓಡಾಡುವ 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಇಂಗ್ಲಿಷಿನಲ್ಲಿ ಬರೆದು, ಇನ್ನೊಂದು ಬದಿಗೆ ರಾಮ, ಸೀತೆ, ಲಕ್ಷ್ಮಣ, ಹನುಮಂತರನ್ನು ಕೂರಿಸಿದ ದೊಡ್ಡ ತಾಮ್ರದ ಬಿಲ್ಲೆಗೆ ಯಾವ ಪರೀಕ್ಷೆಯೂ ಬೇಡ. ಕಂಪನಿ ಅಂಥ ನಾಣ್ಯವನ್ನು ಟಂಕಿಸಲೇ ಇಲ್ಲ. ಅದು ನಕಲೂ ಅಲ್ಲ, ಕಲ್ಪನೆ, ಏಕೆಂದರೆ ಅದಕ್ಕೊಂದು ಮೂಲವೇ ಇಲ್ಲ. ಮದ್ರಾಸಿನಲ್ಲಿ ಕಂಪನಿ ದೇವರ ಮೂರ್ತಿಗಳಿರುವ ವರಹಗಳನ್ನು ಹೊರಡಿಸಿದ್ದು ನಿಜ, ಅವು ಉಗುರಿನಗಲದ ಚಿನ್ನದ ನಾಣ್ಯಗಳು. ಈ ತಾಮ್ರದ ಬಿಲ್ಲೆ ಅಕ್ಕಿ ಕಾಳನ್ನು ಎಳೆಯುತ್ತದೆ, ಕೋಟಿಗಟ್ಟಲೆ ಬೆಲೆ ಎಂದು ಹೇಳಿ ಜನರ ಜಮೀನು ಮಾರಿಸಿದ 'ರೈಸ್ ಪುಲ್ಲಿಂಗ್' ಮೋಸಗಾರರು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕಿದ್ದಾರೆ. ನಿಮ್ಮ ಮನೆಯ ಹಿರಿಯರು ಇಂಥದ್ದನ್ನು ದೇವರ ಮನೆಯಲ್ಲಿಟ್ಟು ಪೂಜಿಸುತ್ತಿದ್ದರೆ ಪೂಜಿಸಲಿ. ಹಣ ಕೊಟ್ಟು ತರುವುದನ್ನು ಮಾತ್ರ ತಡೆಯಿರಿ.

ಖೋಟಾ ಎಂದು ಖಾತ್ರಿಯಾದ ಮೇಲೆ

ಮೊದಲು ಫೋಟೊ: ಎರಡೂ ಮುಖ, ಅಂಚು, ತಕ್ಕಡಿಯ ಮೇಲೆ ನಾಣ್ಯ, ಗಾಯದ ಹತ್ತಿರದ ಚಿತ್ರ. ಆಮೇಲೆ ಮಾರಿದವರಿಗೆ ತಿಳಿಸಿ. ನನಗೆ ಮೊದಲನೆಯವರು ಚಿತ್ರ ನೋಡಿದ ಕೂಡಲೇ ಹಣ ವಾಪಸ್ ಕೊಟ್ಟರು, ಅವರೂ ಮೋಸ ಹೋಗಿದ್ದರು, ನಾಣ್ಯ ನಿಮ್ಮಲ್ಲೇ ಇರಲಿ ಎಂದರು. ಎರಡನೆಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆ ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಯೋಚನೆ ಒಂದು ಕ್ಷಣವೂ ಬೇಡ. ನಾನು ಎರಡನ್ನೂ ಒಂದೇ ಕವರಿನಲ್ಲಿ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ 'ಖೋಟಾ' ಎಂದು ಬರೆದು, ಗಾಯದ ಜಾಗವನ್ನು ಚಿತ್ರ ಬಿಡಿಸಿ ಇಟ್ಟಿದ್ದೇನೆ. ನಾಳೆ ನಾನಿಲ್ಲದಾಗ ಮನೆಯವರು ಅಸಲಿ ಎಂದುಕೊಂಡು ಮಾರಬಾರದು.

ಕಳೆದ ತಿಂಗಳು ಹುಬ್ಬಳ್ಳಿಯ ಗೆಳೆಯರೊಬ್ಬರು 1911ರ ರೂಪಾಯಿಯೊಂದರ ಫೋಟೊ ಕಳಿಸಿ ಕೊಳ್ಳಬಹುದೇ ಎಂದು ಕೇಳಿದರು. ಕೆನ್ನೆಯ ಚಿತ್ರ ಹತ್ತಿರದಿಂದ ತೆಗೆದು ಕಳಿಸಿ ಎಂದೆ. ಕುಳಿ ಇರಲಿಲ್ಲ. ಅದು ನನ್ನಲ್ಲಿರುವ ಖೋಟಾ ಡೈಯದಲ್ಲ ಎಂದಷ್ಟೇ ಇದರರ್ಥ, ಇನ್ನೊಂದು ಡೈ ಇರಬಾರದೆಂದೇನಿಲ್ಲ ಎಂದು ಹೇಳಿ, ಗಡ್ಡ, ಅಕ್ಷರಗಳ ನೆತ್ತಿ, ಅಂಚು, ಆನೆಯ ಸೊಂಡಿಲು, ಒಂದೊಂದರ ಚಿತ್ರವನ್ನೂ ತರಿಸಿಕೊಂಡೆ. ತೂಕ 11.52, ಮುಖದ ಸವೆತಕ್ಕೆ ಒಪ್ಪುವಂಥದ್ದು. ಭುಜದ ಮೇಲೊಂದು ಗೀರು ಇತ್ತು. ಉಗುರು ಸವರಿ ನೋಡಿ ಎಂದೆ. ದಡ ತಾಗುತ್ತಿದೆ ಎಂದರು. ನೀರಿನ ಲೋಟ ಇಟ್ಟು ಕೊನೆಯ ಅಂಕಿಯನ್ನೂ ಹೇಳಿದ ಮೇಲೆ, ಕೊಳ್ಳಿ ಎಂದೆ.